ಗುಂಡ್ರಾಡ ಯಾರ ಮಗಳು? ವಾರೆನ್ ಎಂಬ ನಾರ್ಮನ್ ಮನೆತನದ ಬೇರು ಹುಡುಕುವ ಸಮಗ್ರ ಮಾರ್ಗದರ್ಶಿ

1845ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಲೂಯಿಸ್ ಊರಿನಲ್ಲಿ ರೈಲು ಹಳಿಗಾಗಿ ನೆಲ ಅಗೆಯುತ್ತಿದ್ದರು. ಹಳಿಯ ದಾರಿ ಹಾದು ಹೋಗುತ್ತಿದ್ದದ್ದು ಹಾಳು ಬಿದ್ದ ಒಂದು ಮಠದ ನಡುವೆ. ಕೂಲಿಯವರ ಗುದ್ದಲಿಗೆ ಎರಡು ಸೀಸದ ಪೆಟ್ಟಿಗೆ ತಗುಲಿದವು. ಇಡೀ ದೇಹ ಮಲಗಿಸುವಷ್ಟು ದೊಡ್ಡವೇನಲ್ಲ. ಒಳಗೆ ಬರೀ ಎಲುಬು. ಸೀಸದ ಮೇಲೆ ಹಗ್ಗದ ಬಲೆ ಒತ್ತಿದಂತೆ ಅಚ್ಚು. ಒಂದರ ಮೇಲೆ ‘ಗುಂಡ್ರಾಡ’ ಅಂತ ಹೆಸರು, ಇನ್ನೊಂದರ ಮೇಲೆ ‘ವಿಲೆಲ್ಮಸ್’.

ಆ ಮಠವನ್ನು ಕಟ್ಟಿಸಿದ ಗಂಡ ಹೆಂಡತಿ ಇವರೇ. ವಿಲಿಯಂ ಡಿ ವಾರೆನ್, 1066ರಲ್ಲಿ ಇಂಗ್ಲೆಂಡ್ ಗೆಲ್ಲಲು ಹೊರಟ ನಾರ್ಮಂಡಿಯ (ಫ್ರಾನ್ಸಿನ ಉತ್ತರದ ಸೀಮೆ) ಡ್ಯೂಕ್ ವಿಲಿಯಂ, ಅಂದರೆ ಮುಂದೆ ‘ವಿಜೇತ ವಿಲಿಯಂ’ ಅನ್ನಿಸಿಕೊಂಡ ದೊರೆಯ ಜೊತೆ ಕಡಲು ದಾಟಿ ಬಂದವನು. ಗುಂಡ್ರಾಡ ಅವನ ಹೆಂಡತಿ. ಎಲುಬು ಸಿಕ್ಕಿತು, ಹೆಸರೂ ಸಿಕ್ಕಿತು. ಆದರೆ ಇವರ ಅಪ್ಪ ಅಮ್ಮ ಯಾರು ಅನ್ನುವ ಜಗಳ ಮಾತ್ರ 19ನೇ ಶತಮಾನದ ಉದ್ದಕ್ಕೂ ನಡೆಯಿತು.

ಈ ಒಂದು ಮನೆತನವನ್ನು ಹಿಡಿದು, ಮಧ್ಯಯುಗದ ನಾರ್ಮನ್ ವಂಶಾವಳಿಯನ್ನು ಬಿಡಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ದುಡ್ಡು ಬೇಕಿಲ್ಲ. ಹಳೆಯ ಕಾಗದಪತ್ರಗಳ ಅಚ್ಚಾದ ಪ್ರತಿಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಲ್ಯಾಟಿನ್ ಪಂಡಿತರಾಗಬೇಕಿಲ್ಲ, ಹತ್ತು ಹನ್ನೆರಡು ಪದ ಗೊತ್ತಿದ್ದರೆ ಸಾಕು. ಬೇಕಾದದ್ದು ಒಂದು ನೋಟ್‌ಬುಕ್ಕು, ಪೆನ್ಸಿಲು, ರಬ್ಬರು. ರಬ್ಬರು ದೊಡ್ಡದೇ ಇರಲಿ.

ಹೆಜ್ಜೆ 1: ಗೊತ್ತಿರುವ ತುದಿಯಿಂದ ಶುರು ಮಾಡಿ

ಹೆಚ್ಚಿನವರು ಮಾಡುವ ತಪ್ಪು ಇದು. ಯಾವುದೋ ವೈಕಿಂಗ್ ನಾಯಕನ ಹೆಸರು ಹಿಡಿದು ಮೇಲಿನಿಂದ ಕೆಳಗೆ ಇಳಿಯುತ್ತಾರೆ. ಹಾಗೆ ಇಳಿದರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರ ಬಗ್ಗೆ ಗಟ್ಟಿ ಪುರಾವೆ ಇದೆಯೋ ಅವರಿಂದ ಹಿಂದಕ್ಕೆ ನಡೆಯಬೇಕು.

ವಾರೆನ್ ಮನೆಯಲ್ಲಿ ಆ ಗಟ್ಟಿ ನೆಲ ಮೊದಲನೇ ವಿಲಿಯಂ. ಡ್ಯೂಕ್ ಇಂಗ್ಲೆಂಡನ್ನು ಗೆದ್ದ ಹೇಸ್ಟಿಂಗ್ಸ್ ಯುದ್ಧಕ್ಕೆ ಬಂದಿದ್ದರೆಂದು ಆ ಕಾಲದ ಬರಹದಿಂದಲೇ ಖಚಿತವಾಗಿ ಹೇಳಬಹುದಾದ ಕೆಲವೇ ಮಂದಿಯಲ್ಲಿ ಅವನೂ ಒಬ್ಬ. ಡ್ಯೂಕನ ಪಾದ್ರಿಯಾಗಿದ್ದ ಪ್ವಾಟಿಯೇದ ವಿಲಿಯಂ ಅವನ ಹೆಸರು ಬರೆದಿದ್ದಾನೆ. 1086ರ ಡೂಮ್ಸ್‌ಡೇ ಜಮೀನು ಲೆಕ್ಕದಲ್ಲಿ ಅವನ ಆಸ್ತಿ 13 ಸೀಮೆಗಳಲ್ಲಿ ಹರಡಿದೆ: ಸಸೆಕ್ಸ್‌ನ ಲೂಯಿಸ್, ನಾರ್ಫೋಕ್‌ನ ಕ್ಯಾಸಲ್ ಏಕರ್, ಯಾರ್ಕ್‌ಶೈರ್‌ನ ಕಾನಿಸ್‌ಬರೊ ಹೀಗೆ. ಓಪನ್ ಡೂಮ್ಸ್‌ಡೇ ತಾಣಕ್ಕೆ ಹೋಗಿ ಅವನ ಹೆಸರು ಹುಡುಕಿದರೆ ಊರುಗಳು ನಕ್ಷೆಯ ಮೇಲೆ ಕಾಣುತ್ತವೆ. 1088ರಲ್ಲಿ ಸರ್ರೆ ಸೀಮೆಯ ಅರ್ಲ್ (ದೊಡ್ಡ ಸರದಾರ) ಆದ. ಅದೇ ವರ್ಷ ಪೆವೆನ್ಸಿ ಕೋಟೆಯ ಮುತ್ತಿಗೆಯಲ್ಲಿ ಪೆಟ್ಟು ತಿಂದು ಜೂನ್‌ನಲ್ಲಿ ತೀರಿಕೊಂಡ. ಗುಂಡ್ರಾಡ ಅದಕ್ಕೂ ಮುಂಚೆ, 1085ರ ಮೇ 27ರಂದು, ಕ್ಯಾಸಲ್ ಏಕರ್‌ನಲ್ಲಿ ಹೆರಿಗೆಯಲ್ಲಿ ಸತ್ತಿದ್ದಳು.

ಈಗ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ. ಯಾರು. ಏನು. ಯಾರು ಹೇಳಿದ್ದು. ಹೇಳಿದವನು ಎಷ್ಟು ವರ್ಷ ಆದ ಮೇಲೆ ಹೇಳಿದ್ದು. ಮೊದಲಿನ ಎರಡು ಕಾಲಂ ಎಲ್ಲರೂ ತುಂಬುತ್ತಾರೆ. ನಿಜವಾದ ಕೆಲಸ ಇರುವುದು ಕೊನೆಯ ಎರಡರಲ್ಲಿ. ಮೂರನೇ ಕಾಲಂ ಖಾಲಿ ಇದ್ದರೆ ಆ ಸಾಲು ಇನ್ನೂ ವಂಶಾವಳಿಯ ಭಾಗವಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಶುರುವಿನಲ್ಲಿ ಯಾರೋ ಆನ್‌ಲೈನ್‌ನಲ್ಲಿ ಹಾಕಿದ್ದ ವಂಶವೃಕ್ಷವನ್ನು ಹಾಗೇ ಇಳಿಸಿಕೊಂಡೆ. ಅದರಲ್ಲಿ ಗುಂಡ್ರಾಡ ವಿಜೇತ ವಿಲಿಯಂ ದೊರೆಯ ಮಗಳು. ಅದರ ಮೇಲೆ ಎರಡು ತಿಂಗಳು ಕಟ್ಟುತ್ತಾ ಹೋದೆ. ಆಮೇಲೆ ಇಡೀ ಕೊಂಬೆಯನ್ನೇ ಕತ್ತರಿಸಬೇಕಾಯಿತು. ಯಾಕೆ ಅಂತ ಮುಂದೆ ಬರುತ್ತದೆ.

ಹೆಜ್ಜೆ 2: ಹೆಸರಲ್ಲಿರುವ ಊರನ್ನು ಹಿಡಿಯಿರಿ

‘ಡಿ ವಾರೆನ್’ ಅಂದರೆ ವಾರೆನ್ ಊರಿನವನು. ನಾರ್ಮಂಡಿಯ ಉತ್ತರದಲ್ಲಿ ವರೆನ್ ಅನ್ನುವ ಸಣ್ಣ ನದಿ ಇದೆ. ಅದು ಆರ್ಕ್ ಪಟ್ಟಣದ ಬಳಿ ಬೇರೆ ಹೊಳೆಗಳನ್ನು ಕೂಡಿಕೊಂಡು ಡಿಯೆಪ್‌ನಲ್ಲಿ ಸಮುದ್ರ ಸೇರುತ್ತದೆ. ಆರ್ಕ್‌ನ ದಕ್ಷಿಣಕ್ಕೆ, ನದಿಯ ಹೆಸರನ್ನೇ ಹೊತ್ತ ಹಳ್ಳಿಯೊಂದಿತ್ತು. ಮನೆತನದ ಹೆಸರು ಅಲ್ಲಿಂದ. ಆಮೇಲೆ ಅವರ ಮುಖ್ಯ ಕೋಟೆ ಇದ್ದದ್ದು ಅದೇ ನದಿಯ ಮೇಲ್ದಂಡೆಯ ಬೆಲಾಂಕೋಂಬ್ರ್‌ನಲ್ಲಿ.

ನಕ್ಷೆ ತೆರೆದು ಈ ಊರುಗಳಿಗೆ ಚುಕ್ಕೆ ಇಡಿ. ಇದೇನು ಶಾಲೆ ಮಕ್ಕಳ ಕೆಲಸ ಅನ್ನಿಸಬಹುದು. ಆದರೆ ಮುಂದೆ ಒಂದು ಹಳೆಯ ಪತ್ರದಲ್ಲಿ ‘ರೊಡುಲ್ಫ್ ಡಿ ವಾರೆನ್ನ’ ಅಂತ ಕಂಡಾಗ, ಅವನು ನಮ್ಮವನೋ ಬೇರೆ ವಾರೆನ್‌ನವನೋ ಅಂತ ತೀರ್ಮಾನಿಸುವುದು ಈ ಚುಕ್ಕೆಗಳಿಂದಲೇ. ಫ್ರಾನ್ಸಿನಲ್ಲಿ ವರೆನ್ ಹೆಸರಿನ ಊರುಗಳು ಒಂದೆರಡಲ್ಲ.

ಎರಡು ಎಚ್ಚರಿಕೆ. 11ನೇ ಶತಮಾನದಲ್ಲಿ ಮನೆತನದ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಅಣ್ಣ ಒಂದು ಊರಿನ ಹೆಸರಲ್ಲಿ, ತಮ್ಮ ಇನ್ನೊಂದರ ಹೆಸರಲ್ಲಿ ಕರೆಸಿಕೊಳ್ಳುತ್ತಿದ್ದರು. ಹಾಗಾಗಿ ಹೆಸರು ಒಂದೇ ಅಂತ ರಕ್ತ ಒಂದೇ ಅಲ್ಲ, ಹೆಸರು ಬೇರೆ ಅಂತ ಮನೆ ಬೇರೆಯೂ ಅಲ್ಲ. ಇನ್ನೊಂದು, ಕಾಗುಣಿತ. ವಾರೆನ್ನ, ವರೆನ್ನ, ಗ್ವಾರೆನ್ನ ಎಲ್ಲಾ ಒಂದೇ. ಫ್ರೆಂಚ್ ನಾಲಿಗೆಯಲ್ಲಿ ಶುರುವಿನ ‘ವ’ ಎಷ್ಟೋ ಸಲ ‘ಗ್ವ’ ಆಗುತ್ತದೆ. ಒಂದೇ ರೂಪ ಹಾಕಿ ಹುಡುಕಿ, ಏನೂ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ.

ಲಾಂಛನ ನೋಡಿ ವಂಶ ಹೇಳುವವರೂ ಇದ್ದಾರೆ. ವಾರೆನ್‌ರ ನೀಲಿ ಬಂಗಾರದ ಚೌಕುಳಿ ಗುರಾಣಿ ಚೆಂದವೇನೋ ಹೌದು. ಆದರೆ ಮನೆತನಕ್ಕೆ ಲಾಂಛನ ಇಟ್ಟುಕೊಳ್ಳುವ ವಾಡಿಕೆ ಬಂದದ್ದೇ 12ನೇ ಶತಮಾನದಲ್ಲಿ. ಮೊದಲ ವಿಲಿಯಂನ ಬೇರು ಹುಡುಕಲು ಅದು ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 3: ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿ

ಪಂಚಾಯ್ತಿಯಲ್ಲಿ ಹೇಗೆ, ಕಣ್ಣಾರೆ ಕಂಡವನ ಮಾತಿಗೆ ಒಂದು ತೂಕ, ಕೇಳಿ ಹೇಳಿದವನಿಗೆ ಇನ್ನೊಂದು. ಇಲ್ಲೂ ಅಷ್ಟೇ. ಅದೇ ಕಾಲದ ದಾನಪತ್ರ, ಕ್ರಯಪತ್ರ ಮೊದಲು. ಒಂದೆರಡು ತಲೆಮಾರಿನ ಒಳಗಿನ ಚರಿತ್ರೆಕಾರ ಆಮೇಲೆ. ಮಠಗಳು ಮುನ್ನೂರು ನಾನೂರು ವರ್ಷ ಬಿಟ್ಟು ಬರೆಸಿಕೊಂಡ ನಕಲು ಪುಸ್ತಕ ಕೊನೆಗೆ. ಹೇಸ್ಟಿಂಗ್ಸ್‌ಗೆ ಬಂದವರೆಲ್ಲರ ಪಟ್ಟಿ ಅಂತ ಹೆಸರಾದ ಬ್ಯಾಟಲ್ ಮಠದ ಪಟ್ಟಿಯನ್ನು ಸಾಲಿನಲ್ಲೇ ನಿಲ್ಲಿಸಬೇಡಿ. ಅದು ನಮ್ಮ ಕೈಗೆ ಬಂದಿರುವುದೇ 16ನೇ ಶತಮಾನದ ನಕಲುಗಳಲ್ಲಿ, ಬೇಕಾದವರು ಬೇಕಾದ ಹೆಸರು ತುರುಕಿದ ಮೇಲೆ.

ವಾರೆನ್ ಕೇಸಿನಲ್ಲಿ ಮುಖ್ಯ ಸಾಕ್ಷಿಗಳು ಇಬ್ಬರು ಸನ್ಯಾಸಿಗಳು.

ಆರ್ಡೆರಿಕ್ ವಿಟಾಲಿಸ್ 1075ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹತ್ತನೇ ವಯಸ್ಸಿಗೇ ನಾರ್ಮಂಡಿಯ ಸೇಂತ್ ಎವ್ರೂಲ್ ಮಠ ಸೇರಿದವನು. 1140ರ ಸುಮಾರಿನವರೆಗೂ ಬರೆಯುತ್ತಾ ಹೋದ. ದೊಡ್ಡ ಮನೆಗಳ ಸುದ್ದಿ ಅವನಿಗೆ ಬಲು ಇಷ್ಟ. ಅವನು ವಾರೆನ್ ಬಗ್ಗೆ ಎರಡು ಮಾತು ಹೇಳುತ್ತಾನೆ. ಒಂದು, ವಿಲಿಯಂನ ಹೆಂಡತಿ ಗುಂಡ್ರಾಡ ಗೆರ್ಬಾಡ್‌ನ ಸೋದರಿ. ಈ ಗೆರ್ಬಾಡ್ ಫ್ಲಾಂಡರ್ಸ್‌ನವನು (ಇಂದಿನ ಬೆಲ್ಜಿಯಂ ಸುತ್ತಿನ ಸೀಮೆ), ಸ್ವಲ್ಪ ದಿನ ಚೆಸ್ಟರ್‌ನ ಅರ್ಲ್ ಆಗಿದ್ದು ಊರಿಗೆ ವಾಪಸ್ ಹೋದವನು. ಎರಡು, 1054ರ ಮಾರ್ಟಿಮರ್ ಕಾಳಗದ ಕಥೆ. ರೋಜರ್ ಡಿ ಮಾರ್ಟಿಮರ್ ಡ್ಯೂಕನ ಪರ ಗೆದ್ದ. ಆದರೆ ಶತ್ರು ಕಡೆಯ ಕೌಂಟ್ ಒಬ್ಬನನ್ನು, ಅವನು ತನ್ನ ಒಡೆಯ ಅಂತ, ಕೋಟೆಯಲ್ಲಿ ಬಚ್ಚಿಟ್ಟು ಪಾರು ಮಾಡಿದ. ಡ್ಯೂಕನಿಗೆ ಸಿಟ್ಟು ಬಂತು. ರೋಜರ್‌ನನ್ನು ಓಡಿಸಿ ಕೋಟೆಯನ್ನು ಅವನ ‘ಕನ್ಸಾಂಗ್ವಿನಿಯಸ್’ ವಿಲಿಯಂ ಡಿ ವಾರೆನ್‌ಗೆ ಕೊಟ್ಟ.

ಆ ಪದವನ್ನು ಗುರುತು ಹಾಕಿಕೊಳ್ಳಿ. ಅದರ ಅರ್ಥ ರಕ್ತಸಂಬಂಧಿ. ಒಡಹುಟ್ಟಿದವನಾಗಿದ್ದರೆ ಹಾಗೇ ಹೇಳಬಹುದಿತ್ತು, ಅಲ್ವಾ?

ಇನ್ನೊಬ್ಬ ಸಾಕ್ಷಿ ಟೊರಿನ್ಯಿಯ ರಾಬರ್ಟ್. ಬೆಕ್ ಮಠದ ಸನ್ಯಾಸಿ, 1154ರಿಂದ ಮೋನ್ ಸೇಂತ್ ಮಿಶೆಲ್‌ನ ಮಠಾಧಿಪತಿ. ನಾರ್ಮನ್ ಡ್ಯೂಕರ ಹಳೆಯ ಚರಿತ್ರೆಗೆ 1139ರ ಸುಮಾರಿಗೆ ಒಂದಷ್ಟು ಪುಟ ಸೇರಿಸಿದ. ನಾರ್ಮನ್ ವಂಶಾವಳಿಯ ಅರ್ಧ ತಲೆನೋವು ಶುರುವಾಗುವುದು ಈ ಪುಟಗಳಿಂದ. ಅವನ ಪ್ರಕಾರ ನಾರ್ಮಂಡಿಯ ಅರ್ಧಕ್ಕರ್ಧ ದೊಡ್ಡ ಮನೆಗಳು ಒಬ್ಬ ಹೆಂಗಸಿನ ನೆಂಟರು. ಅವಳು ಗುನ್ನೋರಾ, ಡ್ಯೂಕ್ ಮೊದಲನೇ ರಿಚರ್ಡ್‌ನ ಹೆಂಡತಿ.

ಅವಳು ಡ್ಯೂಕನ ಮನೆಗೆ ಬಂದ ಕಥೆಯನ್ನೂ ಅವನೇ ಹೇಳುತ್ತಾನೆ. ಆರ್ಕ್ ಹತ್ತಿರದ ಹಳ್ಳಿಯ ಒಬ್ಬ ಕಾಡುಕಾವಲುಗಾರನ ಹೆಂಡತಿ ಸೆಯಿನ್‌ಫ್ರಿಯಾ ಬಲು ಚೆಲುವೆ ಅಂತ ಕೇಳಿ ಡ್ಯೂಕ್ ಬೇಟೆಯ ನೆಪದಲ್ಲಿ ಅಲ್ಲೇ ತಂಗಿದ. ರಾತ್ರಿ ಅವಳನ್ನು ಕಳಿಸು ಅಂದ. ಅವಳು ಜಾಣೆ. ಕತ್ತಲಲ್ಲಿ ತನ್ನ ಬದಲು ಸೋದರಿ ಗುನ್ನೋರಾಳನ್ನು ಕಳಿಸಿದಳು. ಮೋಸ ಗೊತ್ತಾದ ಮೇಲೆ ಡ್ಯೂಕನಿಗೆ ಖುಷಿಯೇ ಆಯಿತಂತೆ, ಪರಸತಿಯ ಪಾಪ ತಪ್ಪಿತಲ್ಲ ಅಂತ. ಕಥೆ ಕಟ್ಟುಕಥೆ ಇದ್ದೀತು. ಆದರೆ ಊರು ಗಮನಿಸಿ: ಆರ್ಕ್. ನೀವು ನಕ್ಷೆಯಲ್ಲಿ ಆಗಲೇ ಚುಕ್ಕೆ ಇಟ್ಟ ಜಾಗ.

ಗುನ್ನೋರಾಳ ಸೋದರಿಯರ ಹೆಣ್ಣುಮಕ್ಕಳು ಎಲ್ಲೆಲ್ಲಿ ಮದುವೆಯಾಗಿ ಹೋದರು ಅಂತ ರಾಬರ್ಟ್ ಪಟ್ಟಿ ಕೊಡುತ್ತಾನೆ. ಅದರಲ್ಲಿ ಒಬ್ಬಳು ಮೊದಲ ವಿಲಿಯಂ ಡಿ ವಾರೆನ್‌ನ ಅಪ್ಪನ ಹೆಂಡತಿ. ಅವಳ ಮಕ್ಕಳು ವಿಲಿಯಂ ಮತ್ತು ರೋಜರ್ ಡಿ ಮಾರ್ಟಿಮರ್. ಅವಳ ಹೆಸರಿಲ್ಲ. ಅಪ್ಪನ ಹೆಸರೂ ಇಲ್ಲ. ಘಟನೆ ನಡೆದು ನೂರು ವರ್ಷ ದಾಟಿದ ಮೇಲೆ ಬರೆದದ್ದು. ನಾಲ್ಕನೇ ಕಾಲಂನಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಹೆಜ್ಜೆ 4: ಕ್ರಯಪತ್ರದಲ್ಲಿ ಅಪ್ಪನನ್ನು ಹುಡುಕಿ

ಚರಿತ್ರೆಕಾರ ಹೇಳದ ಹೆಸರು ಸಿಗುವುದು ಮಠಗಳ ಪತ್ರಗಳಲ್ಲಿ. ಜಮೀನು ಕೊಡುವಾಗ, ಮಾರುವಾಗ ಹೆಂಡತಿ ಮಕ್ಕಳ ಒಪ್ಪಿಗೆ ಬರೆಸುತ್ತಿದ್ದರು, ನಾಳೆ ತಕರಾರು ಬರಬಾರದು ಅಂತ. ನಮ್ಮ ಪುಣ್ಯ.

ರೂಆನ್ ಊರಿನ ಪವಿತ್ರ ತ್ರಯೀ ಮಠದ ಪತ್ರಗಳಲ್ಲಿ ರೊಡುಲ್ಫ್ ಡಿ ವಾರೆನ್ ಕಾಣಿಸಿಕೊಳ್ಳುತ್ತಾನೆ, ವಿಲಿಯಂನ ಅಪ್ಪ ಇವನೇ ಅಂತ ಊಹೆ. 1050ರ ದಶಕದ ಮೊದಲ ಭಾಗದ ಪತ್ರದಲ್ಲಿ ಅವನ ಹೆಂಡತಿ ಬಿಯಾಟ್ರಿಸ್. 1059ರ ಪತ್ರದಲ್ಲಿ, ಮತ್ತೆ 1074ರ ಪತ್ರದಲ್ಲಿ, ಹೆಂಡತಿ ಎಮ್ಮಾ. ಈ ಪತ್ರಗಳು 1840ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಅಚ್ಚಾದವು. ಅದೇ ಸಂಪುಟದಲ್ಲಿ ಫ್ಲಾಂಡರ್ಸ್‌ನ ಸೇಂತ್ ಬೆರ್ಟಾಂ ಮಠದ ಪತ್ರಗಳೂ ಇವೆ. ಗುಂಡ್ರಾಡಳ ತವರಿನ ಕಡೆಯವರನ್ನು ಹುಡುಕಬೇಕಾದದ್ದು ಆ ಪತ್ರಗಳಲ್ಲಿ. ಗಂಡನ ಮನೆ, ತವರು ಮನೆ ಎರಡೂ ಒಂದೇ ರಟ್ಟಿನೊಳಗೆ! ಸುಮ್ನೆ ಕಾಕತಾಳೀಯ. ಹುಡುಕುವವರಿಗೆ ಅನುಕೂಲ.

ಪತ್ರ ಓದುವಾಗ ಪೂರ್ತಿ ಅನುವಾದ ಬೇಡ. ಮೊದಲು ನೆಂಟಸ್ತಿಕೆಯ ಪದಗಳ ಕೆಳಗೆ ಗೆರೆ ಎಳೆಯಿರಿ. ಫಿಲಿಯಸ್ ಮಗ, ಫಿಲಿಯಾ ಮಗಳು, ಫ್ರಾತೆರ್ ಸೋದರ, ಸೊರೊರ್ ಸೋದರಿ, ಉಕ್ಸೊರ್ ಅಥವಾ ಕೊನ್ಯುಕ್ಸ್ ಹೆಂಡತಿ, ಗೆನೆರ್ ಅಳಿಯ. ಇಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಲ್ಯಾಟಿನ್‌ನಲ್ಲಿ ‘ಪತ್ರೂಸ್’ ಅಂದರೆ ಅಪ್ಪನ ಸೋದರ, ‘ಅವುಂಕುಲುಸ್’ ಅಂದರೆ ಅಮ್ಮನ ಸೋದರ. ಇಂಗ್ಲಿಷ್‌ಗೆ ಹೋದರೆ ಎರಡೂ ‘ಅಂಕಲ್’ ಆಗಿ ಕಲಸಿಹೋಗುತ್ತವೆ. ನಮಗೆ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ಹಾಗಾಗಿ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಇಂಗ್ಲಿಷ್ ಅನುವಾದ ನೋಡಿ ಬರೆಯಬೇಡಿ. ಕಾಡುವ ಪದ ಒಂದೇ: ‘ನೆಪೋಸ್’. ಸೋದರಿಯ ಮಗನೂ ನೆಪೋಸ್, ಮೊಮ್ಮಗನೂ ನೆಪೋಸ್. ಹೆಣ್ಣಾದರೆ ‘ನೆಪ್ಟಿಸ್’. ಒಂದು ತಲೆಮಾರು ಕಾಣೆಯಾಗುವುದು, ಇಲ್ಲವೇ ಎಲ್ಲಿಂದಲೋ ಹೆಚ್ಚಾಗುವುದು ಜಾಸ್ತಿ ಈ ಪದದಲ್ಲೇ.

ಈಗ ರೊಡುಲ್ಫನ ವಿಷಯಕ್ಕೆ ಬನ್ನಿ. ಬಿಯಾಟ್ರಿಸ್, ಆಮೇಲೆ ಎಮ್ಮಾ. ಎರಡು ರೀತಿ ಓದಬಹುದು. ರೊಡುಲ್ಫ್ ಒಬ್ಬನೇ, ಮೊದಲ ಹೆಂಡತಿ ಸತ್ತ ಮೇಲೆ ಎರಡನೇ ಮದುವೆ ಆದ. ಇಲ್ಲವೇ ಇವರು ಒಂದೇ ಹೆಸರಿನ ಅಪ್ಪ ಮಗ, ಅಪ್ಪನ ಹೆಂಡತಿ ಬಿಯಾಟ್ರಿಸ್, ಮಗನ ಹೆಂಡತಿ ಎಮ್ಮಾ. ವಿದ್ವಾಂಸರಲ್ಲಿ ಎರಡೂ ಪಕ್ಷದವರು ಇದ್ದಾರೆ. ಈಗಲೇ ಯಾವುದೋ ಒಂದನ್ನು ಆರಿಸಿಕೊಳ್ಳಬೇಡಿ. ಎರಡು ಹಾಳೆ ತೆಗೆದುಕೊಂಡು ಎರಡು ವಂಶವೃಕ್ಷ ಬರೆಯಿರಿ. ಮುಂದಿನ ಹೆಜ್ಜೆಯಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕೋಣ.

ಹೆಜ್ಜೆ 5: ಪಾದ್ರಿಯ ಲೆಕ್ಕ ಹಾಕಿ

ನನಗೆ ಈ ಇಡೀ ಕೇಸಿನಲ್ಲಿ ಅತಿ ಇಷ್ಟದ ಭಾಗ ಇದು.

ಆ ಕಾಲದಲ್ಲಿ ಏಳು ತಲೆಮಾರಿನ ಒಳಗಿನ ರಕ್ತಸಂಬಂಧಿಗಳು ಮದುವೆ ಆಗುವಂತಿಲ್ಲ ಅಂತ ಚರ್ಚಿನ ಕಟ್ಟಳೆ. 1215ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದರು. ದೊಡ್ಡವರೆಲ್ಲ ಒಬ್ಬರಿಗೊಬ್ಬರು ನೆಂಟರೇ ಆದ್ದರಿಂದ ಮದುವೆ ಮುರಿಯಬೇಕು ಅನ್ನಿಸಿದಾಗ ಯಾರೋ ಒಬ್ಬ ಪಾದ್ರಿ ವಂಶಾವಳಿ ತೆಗೆದು ಕೂರುತ್ತಿದ್ದ. ಮಧ್ಯಯುಗದ ವಂಶಾವಳಿಗಳು ಇಷ್ಟೊಂದು ಉಳಿದಿರುವುದಕ್ಕೆ ಇದೂ ಒಂದು ಕಾರಣ.

ವಿಲಿಯಂ ಮತ್ತು ಗುಂಡ್ರಾಡರ ಮಗ ಎರಡನೇ ವಿಲಿಯಂಗೆ ತನ್ನ ಮಗಳೊಬ್ಬಳನ್ನು ಕೊಡಬೇಕು ಅಂತ ದೊರೆ ಮೊದಲನೇ ಹೆನ್ರಿ ಯೋಚಿಸಿದ. ಮದುವೆಯಾಚೆ ಹುಟ್ಟಿದ ಮಗಳು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್‌ನ ಅಭಿಪ್ರಾಯ ಕೇಳಿದ. ಆನ್ಸೆಲ್ಮ್ ಸತ್ತದ್ದು 1109ರಲ್ಲಿ, ಅಂದರೆ ಇದು ಅದಕ್ಕೂ ಮೊದಲಿನದು. ಅವನು ಬರೆದ ಉತ್ತರ ಉಳಿದಿದೆ: ಮದುವೆ ಆಗಕೂಡದು, ಇವರಿಬ್ಬರೂ ಒಂದು ಕಡೆಯಿಂದ ನಾಲ್ಕನೇ ತಲೆಮಾರು, ಇನ್ನೊಂದು ಕಡೆಯಿಂದ ಆರನೇ ತಲೆಮಾರಿನ ಬಂಧುಗಳು.

ನಾಲ್ಕು ಮತ್ತು ಆರು. ಮೂಲ ಯಾರು ಅಂತ ಅವನು ಹೇಳಿಲ್ಲ. ನಾವೇ ಲೆಕ್ಕ ಹಾಕಬೇಕು. ನಿಯಮ ಸರಳ. ಮೂಲ ದಂಪತಿಯನ್ನು ಎಣಿಸಬಾರದು. ಅವರ ಮಕ್ಕಳಿಂದ ಒಂದು, ಎರಡು ಅಂತ ಶುರು.

ಗುನ್ನೋರಾಳ ಅಪ್ಪ ಅಮ್ಮನನ್ನು ಮೂಲ ಅಂತ ಇಟ್ಟುಕೊಳ್ಳಿ. ದೊರೆಯ ಕಡೆ: ಗುನ್ನೋರಾ 1, ಅವಳ ಮಗ ಎರಡನೇ ರಿಚರ್ಡ್ 2, ಅವನ ಮಗ ರಾಬರ್ಟ್ 3, ಅವನ ಮಗ ವಿಜೇತ ವಿಲಿಯಂ 4, ಅವನ ಮಗ ಹೆನ್ರಿ 5, ಹೆನ್ರಿಯ ಮಗಳು 6. ವಾರೆನ್ ಕಡೆ, ಟೊರಿನ್ಯಿಯ ರಾಬರ್ಟ್ ಹೇಳಿದಂತೆ: ಗುನ್ನೋರಾಳ ಸೋದರಿ 1, ಆ ಸೋದರಿಯ ಮಗಳು 2, ಅವಳ ಮಗ ವಿಲಿಯಂ ಡಿ ವಾರೆನ್ 3, ಅವನ ಮಗ ಎರಡನೇ ವಿಲಿಯಂ 4.

ಆರು, ನಾಲ್ಕು. ಚಕ್ಕನೆ ಕೂತಿತು. ಮೂವತ್ತು ವರ್ಷದ ಅಂತರದಲ್ಲಿ ಬರೆದ ಇಬ್ಬರು, ಒಬ್ಬ ಅಂಕಿ ಮಾತ್ರ ಕೊಟ್ಟವನು, ಇನ್ನೊಬ್ಬ ಕಥೆ ಮಾತ್ರ ಕೊಟ್ಟವನು. ಇಬ್ಬರ ಮಾತೂ ಒಂದಕ್ಕೊಂದು ಬೀಗ ಬೀಗದಕೈ ಹಾಗೆ. ಮೊದಲ ಸಲ ಎಣಿಸಿ ನೋಡಿದಾಗ ನಾನು ಮತ್ತೊಮ್ಮೆ ಬೆರಳು ಮಡಿಸಿ ಎಣಿಸಿದ್ದೆ.

ಇನ್ನು ನಿಮ್ಮ ಎರಡು ಹಾಳೆಗಳನ್ನು ಈ ತಕ್ಕಡಿಗೆ ಹಾಕಿ. ಎಮ್ಮಾಳೇ ಆ ಸೋದರಿಯ ಮಗಳು, ವಿಲಿಯಂ ಎಮ್ಮಾಳ ಮಗ ಅಂದರೆ ಲೆಕ್ಕ ಸರಿ. ಬಿಯಾಟ್ರಿಸ್ ಆ ಮಗಳು, ಎಮ್ಮಾ ಎರಡನೇ ಹೆಂಡತಿ, ವಿಲಿಯಂ ಎಮ್ಮಾಳ ಮಗ ಅಂದರೆ ಗುನ್ನೋರಾಳಿಗೂ ವಿಲಿಯಂಗೂ ಈ ದಾರಿಯಲ್ಲಿ ರಕ್ತಸಂಬಂಧವೇ ಇಲ್ಲ, ಲೆಕ್ಕ ಬಿತ್ತು. ಬಿಯಾಟ್ರಿಸ್ ಮೊದಲ ರೊಡುಲ್ಫನ ಹೆಂಡತಿ, ವಿಲಿಯಂ ಅವಳ ಮೊಮ್ಮಗ ಅಂದರೆ ಎರಡನೇ ವಿಲಿಯಂ ಐದನೆಯವನಾಗುತ್ತಾನೆ, ನಾಲ್ಕನೆಯವನಲ್ಲ.

ಹಾಗಾದರೆ ಎಮ್ಮಾ ಅಂತ ಮುಗಿಸಿಬಿಡೋಣವೇ? ತಡೆಯಿರಿ. ಇನ್ನೊಂದು ತಕ್ಕಡಿ ಇದೆ, ವಯಸ್ಸಿನದು. ಗುನ್ನೋರಾಳ ಮಗ ಪಟ್ಟಕ್ಕೆ ಬಂದದ್ದು 996ರಲ್ಲಿ, ಅವಳು ತೀರಿಕೊಂಡದ್ದು 1031ರಲ್ಲಿ. ಅವಳ ಸೋದರಿಯ ಮಗಳು 980ರಿಂದ 1000ದ ಒಳಗೆ ಹುಟ್ಟಿರಬೇಕು ಅಂತ ಇಟ್ಟುಕೊಳ್ಳಿ. ಎಮ್ಮಾ 1074ರಲ್ಲೂ ಪತ್ರಕ್ಕೆ ಒಪ್ಪಿಗೆ ಕೊಡುತ್ತಿದ್ದಾಳೆ. ಅಷ್ಟು ಹೊತ್ತಿಗೆ ಅವಳಿಗೆ ಎಷ್ಟು ವಯಸ್ಸು? ಅಸಾಧ್ಯ ಅಂತಲ್ಲ, ಆದರೆ ಹಗ್ಗ ತುಂಬಾ ಎಳೆದಂತಾಯಿತು. ನಡುವೆ ಒಂದು ತಲೆಮಾರು ಸೇರಿಸಬೇಕು ಅನ್ನುವವರು ಹಾಗೆ ಅನ್ನುವುದಕ್ಕೆ ಇಂಥ ಕಾಲದ ಲೆಕ್ಕವೂ ಕಾರಣ.

ಒಂದು ತಕ್ಕಡಿ ಒಂದು ಕಡೆ ವಾಲುತ್ತದೆ, ಇನ್ನೊಂದು ಇನ್ನೊಂದು ಕಡೆ. ನನ್ನ ಒಲವು ಆನ್ಸೆಲ್ಮ್‌ನ ಅಂಕಿಯ ಕಡೆಗೆ. ಅವನು ಮದುವೆ ನಿಲ್ಲಿಸಲು ಬರೆದ, ಎಣಿಕೆ ತಪ್ಪಿದ್ದರೆ ದೊರೆಯ ಕಡೆಯವರು ಸುಮ್ನೆ ಬಿಡುತ್ತಿರಲಿಲ್ಲ. ನೀವು ಒಪ್ಪದೇ ಇರಬಹುದು. ಹಾಳೆಯಲ್ಲಿ ಮಾತ್ರ ಈ ಜಾಗಕ್ಕೆ ಗಟ್ಟಿ ಗೆರೆ ಬೇಡ, ಚುಕ್ಕೆ ಗೆರೆ ಹಾಕಿ.

ಹೆಜ್ಜೆ 6: ಈಗ ಗುಂಡ್ರಾಡಳ ಪ್ರಶ್ನೆಗೆ ಬನ್ನಿ

ಅವಳು ವಿಜೇತ ವಿಲಿಯಂ ದೊರೆಯ ಮಗಳು ಅನ್ನುವ ನಂಬಿಕೆಗೆ ಆಧಾರ ಎರಡು.

ಒಂದು, ಲೂಯಿಸ್ ಮಠದ ಸ್ಥಾಪನಾ ಪತ್ರ. ಅದರಲ್ಲಿ ವಿಲಿಯಂ ಡಿ ವಾರೆನ್, ವಿಜೇತ ವಿಲಿಯಂನ ಹೆಂಡತಿ ರಾಣಿ ಮಟಿಲ್ಡಾಳನ್ನು ‘ನನ್ನ ಹೆಂಡತಿಯ ತಾಯಿ’ ಅನ್ನುತ್ತಾನೆ. ಇದು ಸಿಗುವುದು ಮಠದವರು 15ನೇ ಶತಮಾನದಲ್ಲಿ ಬರೆಸಿದ ನಕಲು ಪುಸ್ತಕದಲ್ಲಿ. ಆ ರೂಪದ ಪತ್ರ ಖೋಟಾ ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಮಠಕ್ಕೆ ತನ್ನ ಸ್ಥಾಪಕಿ ರಾಜಕುಮಾರಿ ಅಂತ ಹೇಳಿಕೊಳ್ಳುವ ಆಸೆ ಇರದೇ ಇರುತ್ತದೆಯೇ? ಪತ್ರ ಸಿಕ್ಕಾಗ ಅದರಿಂದ ಯಾರಿಗೆ ಲಾಭ ಅಂತ ಕೇಳುವುದು ಒಳ್ಳೆಯ ಅಭ್ಯಾಸ.

ಎರಡು, ಅವಳ ಗೋರಿಯ ಕಲ್ಲು. ಬೆಲ್ಜಿಯಂ ಕಡೆಯ ಟೂರ್ನೆಯ ಕಪ್ಪು ಕಲ್ಲು, ತುಂಬ ಸೊಗಸಾದ ಕೆತ್ತನೆ. ಮಠ ಹಾಳಾದ ಮೇಲೆ ಯಾರೋ ಅದನ್ನು ಹೊತ್ತೊಯ್ದು ಐಸ್‌ಫೀಲ್ಡ್ ಚರ್ಚಿನಲ್ಲಿ ಇನ್ನೊಬ್ಬನ ಸಮಾಧಿಗೆ ಬಳಸಿದ್ದರು. 1770ರ ದಶಕದಲ್ಲಿ ಪತ್ತೆಯಾಗಿ ಲೂಯಿಸ್‌ನ ಸೌತೋವರ್ ಚರ್ಚಿಗೆ ಬಂತು. 1845ರ ಸೀಸದ ಪೆಟ್ಟಿಗೆಗಳೂ ಈಗ ಅಲ್ಲೇ ಇವೆ. ಕಲ್ಲಿನ ಅಂಚಿನ ಪದ್ಯ ಶುರುವಾಗುವುದು ‘ಸ್ಟಿರ್ಪ್ಸ್ ಗುಂಡ್ರಾಡ ದುಕುಂ’ ಅಂತ, ಅಂದರೆ ಡ್ಯೂಕರ ವಂಶದ ಕುಡಿ ಗುಂಡ್ರಾಡ. ನೋಡಿ, ಡ್ಯೂಕನ ಮಗಳು ಅಂದುಬಿಟ್ಟರು ಓದಿದವರು. ಆದರೆ ಕಲ್ಲು ಕೆತ್ತಿದ್ದು 1145ರ ಸುಮಾರಿಗೆ, ಅವಳು ಸತ್ತು ಅರವತ್ತು ವರ್ಷ ಆದ ಮೇಲೆ. ಗೋರಿಯ ಪದ್ಯ ಹೊಗಳುವುದಕ್ಕೇ ಇರುವುದು. ಅಲ್ಲದೆ ಆ ಪದ್ಯ ವಂಶ ಅನ್ನುತ್ತದೆ, ಮಗಳು ಅನ್ನುವುದಿಲ್ಲ. ದೊರೆಯ ಮಗಳೇ ಆಗಿದ್ದರೆ ದೊರೆ ಅನ್ನುವ ಪದವನ್ನು ಯಾರಾದರೂ ಬಿಡುತ್ತಿದ್ದರೇ?

ಈಗ ಆನ್ಸೆಲ್ಮ್‌ನ ಪತ್ರವನ್ನು ಮತ್ತೆ ತೆಗೆಯಿರಿ. ಗುಂಡ್ರಾಡ ವಿಜೇತ ವಿಲಿಯಂನ ಮಗಳಾಗಿದ್ದರೆ ಅವಳು ಹೆನ್ರಿಯ ಅಕ್ಕ. ಆಗ ಎರಡನೇ ವಿಲಿಯಂ ಮತ್ತು ಹೆನ್ರಿಯ ಮಗಳು ಏನಾಗಬೇಕು? ಅತ್ತೆಯ ಮಗ, ಮಾವನ ಮಗಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ಹುಡುಕಿಕೊಂಡು ಮಾಡುವ ಸಂಬಂಧ. ಅಲ್ಲಿ ಚರ್ಚು ಬಾಯಿ ಬಡಿದುಕೊಳ್ಳುತ್ತಿತ್ತು. ಎರಡೂ ಕಡೆ ಎರಡನೇ ತಲೆಮಾರಿನ ಇಷ್ಟು ಹತ್ತಿರದ ಅಡ್ಡಿ ಕಣ್ಣೆದುರೇ ಇರುವಾಗ ಆನ್ಸೆಲ್ಮ್ ನಾಲ್ಕು, ಆರು ಅಂತ ದೂರದ ಸಂಬಂಧ ಹುಡುಕಿಕೊಂಡು ಯಾಕೆ ಹೋಗುತ್ತಿದ್ದ?

ಆಕೆ ಮಟಿಲ್ಡಾಳಿಗೆ ಬೇರೊಬ್ಬ ಗಂಡನಿಂದ ಹುಟ್ಟಿದ ಮಗಳು ಅಂತ 1840ರ ದಶಕದಲ್ಲಿ ಒಂದು ರಾಜಿಸೂತ್ರ ಬಂತು. ಅದೂ ಇಲ್ಲೇ ಬೀಳುತ್ತದೆ. ಅಮ್ಮ ಒಬ್ಬಳೇ ಆದರೂ ಅವರು ಅತ್ತೆ ಮಾವನ ಮಕ್ಕಳೇ. ಈ ವಾದವನ್ನು ಇತಿಹಾಸಕಾರ ಇ. ಎ. ಫ್ರೀಮನ್ 1888ರಲ್ಲಿ ಬಿಡಿಸಿ ಬರೆದ. ಜಗಳ ಬಹುಮಟ್ಟಿಗೆ ಅಲ್ಲಿಗೆ ತಣ್ಣಗಾಯಿತು.

ಹಾಗಾದರೆ ಉಳಿದದ್ದು ಆರ್ಡೆರಿಕ್‌ನ ಮಾತು: ಫ್ಲಾಂಡರ್ಸ್‌ನ ಗೆರ್ಬಾಡ್‌ನ ಸೋದರಿ. ಅದಕ್ಕೆ ಪುಷ್ಟಿ ಕೊಡುವ ಇನ್ನೊಂದು ಎಳೆ ಡೂಮ್ಸ್‌ಡೇಯಲ್ಲೇ ಇದೆ. ಪೂರ್ವ ಇಂಗ್ಲೆಂಡಿನ ವಿಲಿಯಂ ಡಿ ವಾರೆನ್‌ನ ಕೆಲವು ಜಮೀನುಗಳ ಪಕ್ಕ ‘ಫ್ರೆಡೆರಿಕ್‌ನ ಪಾಲಿನದು’ ಅಂತ ಬರೆದಿದೆ. ಫ್ರೆಡೆರಿಕ್ ಗುಂಡ್ರಾಡಳ ಇನ್ನೊಬ್ಬ ಸೋದರ. ನಾರ್ಮನ್ನರ ವಿರುದ್ಧ ಬಂಡೆದ್ದ ಹೆರೆವರ್ಡ್ ಅವನನ್ನು ಕೊಂದನೆಂದು 12ನೇ ಶತಮಾನದ ಬರಹ ಹೇಳುತ್ತದೆ. ಹೆಂಡತಿಯ ಸೋದರನ ಆಸ್ತಿ ಭಾವನಿಗೆ ಬಂತು. ಆಸ್ತಿ ಹರಿದ ದಾರಿಯಲ್ಲೇ ನೆಂಟಸ್ತಿಕೆ ಕಾಣುತ್ತದೆ. ಕಾಗದ ಸುಳ್ಳು ಹೇಳಿದರೂ ಜಮೀನು ಸಾಮಾನ್ಯವಾಗಿ ಹೇಳುವುದಿಲ್ಲ.

ಹೆಜ್ಜೆ 7: ಕೆಳಮುಖವಾಗಿ ಬರುವಾಗ ರಕ್ತ ಎಲ್ಲಿ ಬದಲಾಯಿತು ನೋಡಿ

ಇಲ್ಲಿಂದ ಮುಂದೆ ದಾರಿ ಸಲೀಸು, ಬೇಗ ನಡೆಯೋಣ. ಎರಡನೇ ವಿಲಿಯಂ ಕೊನೆಗೆ ವರ್ಮಂಡ್ವಾದ ಇಸಬೆಲ್‌ಳನ್ನು ಮದುವೆಯಾದ, 1138ರಲ್ಲಿ ಸತ್ತ. ಅವರ ಮಗಳು ಏಡಾ 1139ರಲ್ಲಿ ಸ್ಕಾಟ್ಲೆಂಡಿನ ರಾಜಕುಮಾರ ಹೆನ್ರಿಯ ಕೈಹಿಡಿದಳು. ಅವಳ ಇಬ್ಬರು ಮಕ್ಕಳು ಅಲ್ಲಿ ದೊರೆಗಳಾದರು. ಎರಡನೇ ವಿಲಿಯಂನ ಮಗ ಮೂರನೇ ವಿಲಿಯಂ ಎರಡನೇ ಕ್ರುಸೇಡ್ ಧರ್ಮಯುದ್ಧಕ್ಕೆ ಹೋಗಿ 1148ರ ಜನವರಿಯಲ್ಲಿ ಇಂದಿನ ಟರ್ಕಿಯ ಬೆಟ್ಟಗಳಲ್ಲಿ ಸತ್ತ.

ಅವನಿಗೆ ಗಂಡು ಮಕ್ಕಳಿಲ್ಲ. ಒಬ್ಬಳೇ ಮಗಳು, ಅವಳ ಹೆಸರೂ ಇಸಬೆಲ್. ಮೊದಲ ಗಂಡ ಇಂಗ್ಲೆಂಡಿನ ದೊರೆ ಸ್ಟೀಫನ್‌ನ ಮಗ, 1159ರಲ್ಲಿ ಸತ್ತ. 1164ರಲ್ಲಿ ಅವಳನ್ನು ಮದುವೆಯಾದವನು ಹ್ಯಾಮೆಲಿನ್, ದೊರೆ ಎರಡನೇ ಹೆನ್ರಿಯ ಮಲಸೋದರ, ಮದುವೆಯಾಚೆ ಹುಟ್ಟಿದವನು. ಅವನು ಹೆಂಡತಿಯ ಮನೆಯ ಹೆಸರನ್ನೇ ಇಟ್ಟುಕೊಂಡ. ಕಾನಿಸ್‌ಬರೊದ ಆ ಉರುಟು ಗೋಪುರ, ಸುತ್ತ ಆರು ದಪ್ಪ ಆಸರೆ ಗೋಡೆ ಇರುವುದು, ಅವನು ಕಟ್ಟಿಸಿದ್ದು.

ವಂಶವೃಕ್ಷದಲ್ಲಿ ಈ ಜಾಗಕ್ಕೆ ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆಯಿರಿ. 1297ರಲ್ಲಿ ಸ್ಟರ್ಲಿಂಗ್ ಸೇತುವೆಯಲ್ಲಿ ಸ್ಕಾಟರ ಕೈಯಲ್ಲಿ ಸೋತ ಜಾನ್ ಡಿ ವಾರೆನ್ ಇದಾನಲ್ಲ, ಅವನು ಹ್ಯಾಮೆಲಿನ್‌ನ ಮೊಮ್ಮಗ. ಈ ಭೂಮಿಗೆ ಹಕ್ಕುಪತ್ರ ತೋರಿಸು ಅಂದಾಗ ತುಕ್ಕು ಹಿಡಿದ ಕತ್ತಿ ತೋರಿಸಿ, ನಮ್ಮ ಹಿರಿಯರು ವಿಲಿಯಂ ಜೊತೆ ಬಂದು ಇದರಿಂದಲೇ ಗೆದ್ದದ್ದು ಅಂದ ಅಂತ ಒಂದು ಕಥೆ ಇದೆ. ಕಥೆ ನಿಜವೋ ಏನೋ. ಗಂಡು ಸಾಲಿನ ಲೆಕ್ಕದಲ್ಲಿ ಅವನ ಹಿರಿಯರು 1066ರಲ್ಲಿ ನಾರ್ಮಂಡಿಯಲ್ಲೇ ಇರಲಿಲ್ಲ, ಹ್ಯಾಮೆಲಿನ್‌ನ ಅಪ್ಪನ ಮನೆತನದ ಸೀಮೆಯಾದ ಫ್ರಾನ್ಸಿನ ಆಂಜುವಿನಲ್ಲಿದ್ದರು. ಕತ್ತಿ ಬಂದದ್ದು ಅಜ್ಜಿಯ ಕಡೆಯಿಂದ.

ಕೊನೆಯ ಅರ್ಲ್ ಜಾನ್ 1347ರಲ್ಲಿ ಸಕ್ರಮ ಸಂತಾನವಿಲ್ಲದೆ ಸತ್ತ. ಆಸ್ತಿ ಬಹುಪಾಲು ಸೋದರಿಯ ಮಗ ಅರಂಡೆಲ್‌ನ ಅರ್ಲ್‌ಗೆ ಹೋಯಿತು. ಲ್ಯಾಟಿನ್‌ನಲ್ಲಿ ಹೇಳುವುದಾದರೆ, ನೆಪೋಸ್.

ಹೆಜ್ಜೆ 8: ಬರೆದಿಡುವ ಬಗೆ

ಮೂರು ಬಗೆಯ ಗೆರೆ ಸಾಕು. ಅದೇ ಕಾಲದ ಪತ್ರ ಇದ್ದರೆ ಗಟ್ಟಿ ಗೆರೆ. ಹತ್ತಿರದ ಚರಿತ್ರೆಕಾರನ ಮಾತು ಮಾತ್ರ ಇದ್ದರೆ ತುಂಡು ಗೆರೆ. ಲೆಕ್ಕ ಹಾಕಿ ಊಹಿಸಿದ್ದಾದರೆ ಚುಕ್ಕೆ ಗೆರೆ. ಅಳಿಸಿ ಹಾಕಿದ ಕೊಂಬೆಯನ್ನು ಪೂರ್ತಿ ಬಿಸಾಡಬೇಡಿ. ಯಾಕೆ ಕತ್ತರಿಸಿದ್ದು ಅಂತ ಒಂದು ಸಾಲು ಬರೆದು ಪುಟದ ಹಿಂದೆ ಇಡಿ. ಇಲ್ಲವಾದರೆ ಆರು ತಿಂಗಳ ಮೇಲೆ ನೀವೇ ಮತ್ತೆ ಅದನ್ನು ತಂದು ಅಂಟಿಸುತ್ತೀರಿ. ನಾನು ಒಮ್ಮೆ ಅಂಟಿಸಿದ್ದೇನೆ.

ನನ್ನ ಹಾಳೆ ಸದ್ಯ ಹೀಗಿದೆ. ವಿಲಿಯಂ ಮತ್ತು ಗುಂಡ್ರಾಡರಿಂದ ಕೆಳಗೆಲ್ಲ ಗಟ್ಟಿ ಗೆರೆ. ಗುಂಡ್ರಾಡಳಿಂದ ಗೆರ್ಬಾಡ್‌ಗೆ ತುಂಡು ಗೆರೆ. ವಿಲಿಯಂನಿಂದ ರೊಡುಲ್ಫನಿಗೆ ಚುಕ್ಕೆ ಗೆರೆ. ರೊಡುಲ್ಫನಿಂದ ಬಿಯಾಟ್ರಿಸ್‌ಗೆ, ಎಮ್ಮಾಳಿಗೆ ಎರಡು ಗಟ್ಟಿ ಗೆರೆ, ಪಕ್ಕದಲ್ಲಿ ‘ಒಬ್ಬನೋ ಇಬ್ಬರೋ’ ಅಂತ ಟಿಪ್ಪಣಿ. ಎಮ್ಮಾಳಿಂದ ಗುನ್ನೋರಾಳ ಸೋದರಿಯ ಕಡೆಗೆ ಚುಕ್ಕೆ ಗೆರೆ. ರೋಜರ್ ಡಿ ಮಾರ್ಟಿಮರ್ ಒಂದು ಪಕ್ಕದಲ್ಲಿ ಒಂಟಿಯಾಗಿ ನಿಂತಿದ್ದಾನೆ, ಅವನ ಮೇಲೆ ‘ಕನ್ಸಾಂಗ್ವಿನಿಯಸ್’ ಅಂತ ಬರೆದಿದೆ.

ಕೈ ಪಳಗಿಸಿಕೊಳ್ಳಲು ಇನ್ನೊಂದು ಮನೆ ಬೇಕಾದರೆ ಕ್ಲೇರ್ ಮನೆತನವನ್ನು ಎತ್ತಿಕೊಳ್ಳಿ. ಅಲ್ಲಿ ದಾರಿ ಇಷ್ಟು ಕಗ್ಗಂಟಿಲ್ಲ: 1086ರ ರಿಚರ್ಡ್, ಅವನ ಅಪ್ಪ ಬ್ರಿಯೋನ್‌ನ ಗಿಲ್ಬರ್ಟ್, ಅವನ ಅಪ್ಪ ಗಾಡ್‌ಫ್ರಿ. ಈ ಗಾಡ್‌ಫ್ರಿ ಮೊದಲನೇ ರಿಚರ್ಡ್ ಡ್ಯೂಕನ ಮಗ. ಅಂದರೆ ಆರ್ಕ್ ಹತ್ತಿರದ ಕಾಡಿಗೆ ಬೇಟೆಯ ನೆಪದಲ್ಲಿ ಹೋದನಲ್ಲ, ಅವನ ಮಗನೇ.